ಹನ್ನೊಂದನೆಯ ಗೋಲಿ

ದೊರೆಯ ಬಲಗೈ ಮೊಣಕೈವರೆಗೂ ಪೆಟ್ಟಿಗೆಯ ಬಟ್ಟೆಯ ಬಾಯೊಳಗೆ ಇಳಿಯಿತು. ಕೋಣೆಯಲ್ಲಿದ್ದ ಹನ್ನೊಂದು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಒಳಗೆ ಗೋಲಿ ಬಿತ್ತು. ದೊರೆ ಕೈ ಹೊರಗೆಳೆದು, ಅಂಗಿಯ ತೋಳು ಸರಿಮಾಡಿಕೊಂಡು, ಪಕ್ಕದವನ ಕಡೆ ನೋಡಿ ಸಣ್ಣಗೆ ನಕ್ಕ. ಎದುರಿಗೆ ಎತ್ತರದ ಕುರ್ಚಿಯಲ್ಲಿ ಕೂತಿದ್ದ ಬಡಗಿಯ ಕಿವಿ ಮಾತ್ರ ನಿಮಿರಿತು.

ಅದುವರೆಗೆ ಬಿದ್ದ ಒಂಬತ್ತು ಗೋಲಿಗಳೂ ‘ಟಿಕ್’ ಎಂದಿದ್ದವು. ಇದೊಂದು ‘ಟೊಕ್’ ಎಂದಿತ್ತು.

ಬೇರೆ ಯಾರಿಗೂ ಆ ವ್ಯತ್ಯಾಸ ಗೊತ್ತಾಗಲಿಲ್ಲ. ಸುಮ್ಮನೆ ಕೂತವರಿಗೆ ಗೊತ್ತಾಗುವಂಥದ್ದೂ ಅಲ್ಲ. ಮೂವತ್ತು ವರ್ಷ ಹಲಗೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಟೊಳ್ಳೋ ಗಟ್ಟಿಯೋ ಎಂದು ಕಿವಿಗೊಟ್ಟು ಕೇಳಿದವನಿಗಷ್ಟೇ ತಿಳಿಯುವ ಸಂಗತಿ ಅದು. ಮೇಲಾಗಿ ಆ ಪೆಟ್ಟಿಗೆಯನ್ನೂ ಗೋಲಿಗಳನ್ನೂ ಮಾಡಿದವನೇ ಅವನು. ಹಳೆಯದಕ್ಕೆ ಗೆದ್ದಲು ಹಿಡಿದಿದೆ, ಹೊಸದೊಂದು ಮಾಡಿಕೊಡು ಎಂದು ಎಲ್ಲರೂ ಕೇಳಿದಾಗ ಉಬ್ಬಿಹೋಗಿದ್ದ. ಹಳೆಯ ಗೋಲಿಗಳೆಲ್ಲ ಒಂದೇ ಮರದವು. ಅರ್ಧಕ್ಕೆ ಕರಿ ಬಣ್ಣ ಬಳಿದಿದ್ದರು, ಅಷ್ಟೇ. ಮರಕ್ಕೆ ಬಣ್ಣ ಬಳಿಯುವುದೆಂದರೆ ಬಡಗಿಗೆ ಮೈಯೆಲ್ಲ ಉರಿ. ಹುಟ್ಟು ಬಣ್ಣವೇ ಇರಬೇಕು ಎಂದು ಹಟಹಿಡಿದು, ಕರಿ ಗೋಲಿಗಳನ್ನು ಕಬ್ಬಿಣದಂಥ ಕರಿಮರದಲ್ಲೂ ಬಿಳಿಯವನ್ನು ತೀರಾ ಹಗುರವಾದ ಬೆಳ್ಳನೆಯ ಮರದಲ್ಲೂ ಕಡೆದಿದ್ದ. ಹಳೆಯ ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಮೆತ್ತನೆಯ ಬಟ್ಟೆಯನ್ನೂ ಬೇಡವೆಂದಿದ್ದ. ಅಷ್ಟು ಚಂದ ಕೂಡಿಸಿದ ಹಲಗೆಯನ್ನು ಯಾರಾದರೂ ಮುಚ್ಚುತ್ತಾರೆಯೇ? ಗುಟ್ಟು ಕಾಯಬೇಕಾದ ಪೆಟ್ಟಿಗೆ ಬಾಯಿಬಡುಕ ಆದದ್ದು ಹೀಗೆ. ಅದನ್ನು ಮೊದಲ ಸಲ ಬಳಸುತ್ತಿದ್ದ ಆ ಭಾನುವಾರದ ಮಧ್ಯಾಹ್ನವೇ ಅವನಿಗೆ ತನ್ನ ತಪ್ಪು ಗೊತ್ತಾಯಿತು.

ಪೆಟ್ಟಿಗೆ ಕೊನೆಗೆ ಅವನ ಮುಂದೆ ಬಂತು. ಅವನು ಕೈಯಿಳಿಸಿ ಬಿಳಿ ಹಾಕಿದ. ಧೈರ್ಯ ಸಾಲದೆ ಹಾಕಿದ ಬಿಳಿ ಅದು. ಆ ದಿನ ಸಂಘಕ್ಕೆ ಸೇರಿಸಿಕೊಳ್ಳಲು ಹೆಸರು ಬಂದಿದ್ದವನು ದಳವಾಯಿ. ಸೇನೆಯೂ ಪೊಲೀಸೂ ಅವನ ಮುಷ್ಟಿಯಲ್ಲಿ. ಅಂಥವನಿಗೆ ಬೇಡ ಎನ್ನಲು ಯಾರಿಗೆ ಎರಡು ತಲೆ?

ಹಗ್ಗದ ಗೋದಾಮಿನ ಮೇಲಿನ ಆ ಮಹಡಿಯನ್ನು ಊರವರು ಗುಟ್ಟಿನ ಸಂಘ ಎನ್ನುತ್ತಿದ್ದರು. ಒಳಗಿನವರು ಬರೀ ‘ಮನೆ’ ಎನ್ನುತ್ತಿದ್ದರು. ಮೆಟ್ಟಿಲು ಹತ್ತಿ ಬಾಗಿಲು ದಾಟಿದ ಮೇಲೆ ಅಲ್ಲಿ ಹುದ್ದೆಯಿಲ್ಲ, ಬಿರುದಿಲ್ಲ. ಮೊದಲು ಸೇರಿದವನು ಅಣ್ಣ, ಆಮೇಲೆ ಸೇರಿದವನು ತಮ್ಮ. ದೊರೆಯ ತಾತನೂ ಅಪ್ಪನೂ ಇದೇ ಮನೆಯವರಾಗಿದ್ದರು. ಅವರೂ ಇದೇ ಬೆಂಚಿನ ತುದಿಯಲ್ಲಿ ಕೂತು ಎದ್ದವರು. ಈ ದೊರೆ ಸೇರಿ ನಾಲ್ಕು ವರ್ಷವಾಗಿತ್ತು. ಆಮೇಲೆ ಹೊಸಬರು ಯಾರೂ ಬಂದಿರಲಿಲ್ಲ. ಹಾಗಾಗಿ ನಾಡಿಗೆಲ್ಲ ಒಡೆಯನಾದವನು ಅಲ್ಲಿ ಎಲ್ಲರಿಗಿಂತ ಕಿರಿಯ. ಸಭೆ ಮುಗಿದ ಮೇಲೆ ಚಹಾ ಲೋಟ ತೊಳೆಯುವುದು ಅವನ ಪಾಲಿನ ಕೆಲಸ. ಬಡಗಿ ಆ ವರ್ಷದ ಯಜಮಾನ. ಅವನನ್ನು ದೊರೆ ‘ಅಣ್ಣಾ’ ಎನ್ನುತ್ತಿದ್ದ, ಅವನು ದೊರೆಯನ್ನು ‘ತಮ್ಮಾ’ ಎನ್ನುತ್ತಿದ್ದ. ಮೊದಲ ವರ್ಷ ಹಾಗೆ ಕರೆಯುವಾಗ ಬಡಗಿಯ ನಾಲಿಗೆ ಹೊರಳುತ್ತಿರಲಿಲ್ಲ. ಆಮೇಲೆ ರೂಢಿಯಾಯಿತು.

ಹೊಸಬರನ್ನು ಸೇರಿಸಿಕೊಳ್ಳುವಾಗ ಪ್ರತಿಯೊಬ್ಬನಿಗೂ ಒಂದು ಬಿಳಿ, ಒಂದು ಕರಿ ಗೋಲಿ ಕೊಡುತ್ತಾರೆ. ಒಪ್ಪಿದರೆ ಬಿಳಿ, ಒಪ್ಪದಿದ್ದರೆ ಕರಿ ಪೆಟ್ಟಿಗೆಗೆ ಬೀಳಬೇಕು. ಉಳಿದದ್ದು ಬಟ್ಟೆಯ ಚೀಲಕ್ಕೆ. ಒಂದೇ ಒಂದು ಕರಿ ಬಿದ್ದರೂ ಆ ಮನುಷ್ಯ ಒಳಗೆ ಬರುವಂತಿಲ್ಲ. ಯಾರು ಹಾಕಿದರು ಎಂದು ಕೇಳುವಂತಿಲ್ಲ. ನಾನು ಕರಿ ಹಾಕಿದೆ, ನಾನು ಬಿಳಿ ಹಾಕಿದೆ ಎಂದು ಹೆಂಡತಿಯ ಹತ್ತಿರವೂ ಬಾಯಿಬಿಡುವಂತಿಲ್ಲ. ಈ ಆಣೆಯನ್ನು ಮುರಿದವರು ಮನೆ ಹುಟ್ಟಿದ ಮೇಲೆ ಒಬ್ಬರೂ ಇರಲಿಲ್ಲ.

ಬಡಗಿ ಪೆಟ್ಟಿಗೆಯ ಕೆಳಗಿನ ಖಾನೆ ಎಳೆದ. ಹತ್ತು ಬಿಳಿಯ ನಡುವೆ ಒಂದು ಕರಿ.

“ಆಗಲಿಲ್ಲ,” ಎಂದ.

“ಛೆ,” ಎಂದ ದೊರೆ. “ನಮ್ಮ ಭಾವನಿಗೆ ತುಂಬಾ ಬೇಜಾರಾಗುತ್ತೆ.”

ದಳವಾಯಿ ರಾಣಿಯ ಅಣ್ಣ. ಅವನ ಹೆಸರನ್ನು ಮನೆಯ ಮುಂದೆ ಇಟ್ಟವನೇ ದೊರೆ. ಕಾಲು ಗಂಟೆ ನಿಂತು ಅವನನ್ನು ಹೊಗಳಿದ್ದ. ಕೇಳಿದವರಿಗೆ ನಿದ್ದೆ ಬರುವಷ್ಟು ಹೊಗಳಿದ್ದ. ಅಂಥವನು ಕರಿ ಹಾಕುತ್ತಾನೆ ಎಂದು ಯಾರು ತಾನೇ ನೆನೆಸುತ್ತಾರೆ? ಎಲ್ಲರ ಕಣ್ಣೂ ಸದ್ದಿಲ್ಲದೆ ಹೋಗಿ ಬೆಂಚಿನ ಎಂಟನೆಯವನ ಮೇಲೆ ಕೂತವು. ಅಲ್ಲಿದ್ದವನು ಅಚ್ಚುಕೂಟದವನು, ಬಡಗಿಯ ಷಡ್ಡಕ, ಅವನ ಹೆಂಡತಿಯ ತಂಗಿಯ ಗಂಡ.

ಹಾಗೆ ನೋಡಲು ಕಾರಣವಿತ್ತು. ಹಿಂದಿನ ವರ್ಷ ಬಂದರಿನ ಗೇಟಿನ ಮುಂದೆ ಕೂಲಿ ಹೆಚ್ಚಿಸಿ ಎಂದು ನಿಂತವರ ಮೇಲೆ ದಳವಾಯಿ ಗುಂಡು ಹಾರಿಸಿದ್ದ. ಮಾರನೆಯ ಬೆಳಿಗ್ಗೆ ಊರಿನ ಗೋಡೆಗಳ ಮೇಲೆ ಷಡ್ಡಕ ಅಚ್ಚುಹಾಕಿದ ಒಂದು ಹಾಳೆ ಕಾಣಿಸಿತು. ಅದರಲ್ಲಿ ಸತ್ತ ಹದಿನಾಲ್ಕು ಜನರ ಹೆಸರು ಬಿಟ್ಟರೆ ಬೇರೆ ಒಂದಕ್ಷರ ಇರಲಿಲ್ಲ. ಹೆಸರು ಅಚ್ಚುಹಾಕುವುದು ಯಾವ ಕಾನೂನಿನಲ್ಲೂ ತಪ್ಪಾಗಿರಲಿಲ್ಲ. ದಳವಾಯಿ ಹಲ್ಲು ಕಚ್ಚಿ ಸುಮ್ಮನಾಗಿದ್ದ. ಷಡ್ಡಕನ ಅಂಗಡಿಯ ಮುಂದೆ ಹೋಗುವಾಗ ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು.

ಆದರೆ ಬಡಗಿಗೆ ಕೇಳಿಸಿತ್ತು. ಎಂಟನೆಯ ಗೋಲಿಯೂ ‘ಟಿಕ್’ ಎಂದಿತ್ತು. ಷಡ್ಡಕನಿಗೂ ತನ್ನಷ್ಟೇ ಹೆದರಿಕೆಯಾಗಿದೆ ಎಂದು ತಿಳಿದಾಗ ಅವನಿಗೆ ಒಂದು ಗಳಿಗೆ ಸಮಾಧಾನವೇ ಆಗಿತ್ತು. ಆ ಸಮಾಧಾನಕ್ಕೆ ಆಮೇಲೆ ನಾಚಿಕೊಂಡ.

ಬುಧವಾರ ಅಚ್ಚುಕೂಟಕ್ಕೆ ಬೀಗ ಬಿತ್ತು. ಶುಕ್ರವಾರ ಷಡ್ಡಕನನ್ನು ಠಾಣೆಗೆ ಕರೆದುಕೊಂಡು ಹೋದರು. ಶನಿವಾರ ಸಂಜೆ ಅವನು ನಡೆದುಕೊಂಡೇ ವಾಪಸು ಬಂದ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. ಮೂರು ಬೆರಳು ಮುರಿದಿದ್ದವು. ಅಚ್ಚಿನ ಮೊಳೆ ಜೋಡಿಸುವ ಬೆರಳುಗಳು. ಕಣ್ಣುಮುಚ್ಚಿಕೊಂಡು ಅಕ್ಷರ ಹುಡುಕುತ್ತಿದ್ದ ಬೆರಳುಗಳು. ಬಡಗಿ ಎರಡು ತೆಳ್ಳನೆಯ ಪಟ್ಟಿಗಳನ್ನು ಹೆರೆದು ನಯಮಾಡಿಕೊಂಡು ಹೋಗಿ, ತಾನೇ ಅವನ ಬೆರಳಿಗೆ ಇಟ್ಟು ಕಟ್ಟಿದ.

“ಏನು ಕೇಳಿದ್ರು?” ಎಂದ.

“ಒಂದೇ ಪ್ರಶ್ನೆ ಭಾವ. ‘ನೀನೇ ತಾನೇ?’ ಅಂತ.”

“ನೀನೇನಂದೆ?”

“ಹೇಳೋ ಹಾಗಿಲ್ಲ ಅಂದೆ. ಹೇಳೋ ಹಾಗಿಲ್ವಲ್ಲ.” ಷಡ್ಡಕ ಗೋಡೆಯ ಕಡೆ ಮುಖ ತಿರುಗಿಸಿದ. “ಬರುವಾಗ ದಾರೀಲಿ ಬಂದರಿನ ಕೂಲಿಯವರು ಎದ್ದು ನಿಂತು ನಮಸ್ಕಾರ ಹೊಡೆದ್ರು. ಎಲ್ಲರಿಗೂ ಸುದ್ದಿ ಮುಟ್ಟಿದೆ.”

ಅವನ ಮುಖದಲ್ಲಿ ಹೆಮ್ಮೆ ಇರಲಿಲ್ಲ. ಬೇರೆಯವರ ಅಂಗಿ ತೊಟ್ಟು ಸಿಕ್ಕಿಬಿದ್ದವನ ಹಾಗೆ ಕೂತಿದ್ದ. ಬಡಗಿಗೆ ಅದು ಅರ್ಥವಾಯಿತು. ಅರ್ಥವಾಯಿತು ಎಂದು ತೋರಿಸಿಕೊಳ್ಳುವ ಹಾಗಿರಲಿಲ್ಲ.

ಮನೆಯ ಪದ್ಧತಿಯಂತೆ ಆಗಲಿಲ್ಲವೆಂದು ತೀರ್ಮಾನವಾದ ಹೆಸರನ್ನು ತಿಂಗಳು ಬಿಟ್ಟು ಇನ್ನೊಂದು ಸಲ ತರಬಹುದು. ದಳವಾಯಿ ತರಲೇಬೇಕೆಂದು ಕೂತ. ಅದರ ಜೊತೆಗೆ ಇನ್ನೊಂದು ಆದೇಶವೂ ಹೊರಟಿತು: ಎರಡನೆಯ ಸಭೆಯ ಮುಂದಿನ ಮಂಗಳವಾರ ಹೊರಡುವ ಹಡಗಿನಲ್ಲಿ ಅಚ್ಚುಕೂಟದವನನ್ನು ದ್ವೀಪದ ಜೈಲಿಗೆ ಸಾಗಿಸುವುದು. ಸಭೆಯಲ್ಲಿ ಏನೇ ಆಗಲಿ, ಮೊದಲ ಸಲದ ಅವಮಾನಕ್ಕೆ ಒಬ್ಬನನ್ನು ಬಲಿ ತೆಗೆದುಕೊಂಡೇ ತೀರುತ್ತೇನೆ ಎನ್ನುವ ಹಟ.

“ನಿಮ್ಮನ್ನ ದೊರೆ ಅಣ್ಣ ಅಂತಾನಂತೆ,” ಎಂದಳು ಬಡಗಿಯ ಹೆಂಡತಿ, ಎರಡನೆಯ ಸಭೆಯ ದಿನ, ಭಾನುವಾರದ ಊಟ ಬಡಿಸುತ್ತ. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದ ರೀತಿಗೆ ಚಮಚ ಹಾರಿ ನೆಲಕ್ಕೆ ಬಿತ್ತು. “ಅಂಥಾ ತಮ್ಮ ಇಟ್ಕೊಂಡು ನನ್ನ ತಂಗಿ ಗಂಡನಿಗೆ ದಿಕ್ಕಿಲ್ಲ. ಒಂದು ಮಾತು ಹೇಳೋಕೆ ಏನು ರೋಗ ನಿಮಗೆ?”

“ಅಲ್ಲಿ ಅಂಥ ಮಾತೆಲ್ಲ ಆಡೋ ಹಾಗಿಲ್ಲ ಕಣೆ.”

“ಆಡೋ ಹಾಗಿಲ್ಲ, ಕೇಳೋ ಹಾಗಿಲ್ಲ, ನೋಡೋ ಹಾಗಿಲ್ಲ. ಮೂಗಬಸವಗಳ ಸಂಘ! ನನ್ನ ತಂಗಿ ಮೂರು ದಿನದಿಂದ ಒಲೆ ಹಚ್ಚಿಲ್ಲ, ಗೊತ್ತಾ? ಮಂಗಳವಾರದ್ದಕ್ಕೆ ಅವನ ಬಟ್ಟೆ ಗಂಟು ಕಟ್ಟಿ ಇಟ್ಟುಕೊಂಡು ಕೂತಿದ್ದಾಳೆ.” ಅವಳ ದನಿ ಒಡೆಯಿತು. “ಅವನೇ ಹಾಕಿದ್ದು ಅಂತಲೇ ಇಟ್ಕೊಳ್ಳಿ. ಹಾಕೋದಕ್ಕೆ ತಾನೇ ಆ ಕರಿ ಗೋಲಿ ಇಟ್ಟಿರೋದು? ಅದನ್ನ ಮಾಡಿಕೊಟ್ಟೋರು ನೀವೇ ಅಲ್ವಾ?”

ಬಡಗಿ ಉಣ್ಣದೆ ಎದ್ದ.

ಮೂರು ಗಂಟೆಯ ಸಭೆಗೆ ಅವನು ಎರಡಕ್ಕೇ ಹೋದ. ದೊರೆ ಯಾವಾಗಲೂ ಮೊದಲೇ ಬಂದು ಲೋಟಗಳನ್ನು ಜೋಡಿಸಿಡುತ್ತಾನೆ ಎಂದು ಅವನಿಗೆ ಗೊತ್ತಿತ್ತು. ಕೋಣೆಯ ಹಿಂದಿನ ಕಿರಿದಾದ ಬಚ್ಚಲಲ್ಲಿ ದೊರೆ ತೋಳು ಮಡಚಿಕೊಂಡು ನಲ್ಲಿಯ ಕೆಳಗೆ ಲೋಟ ತಿರುವುತ್ತಿದ್ದ. ಸ್ವಲ್ಪ ಬೊಕ್ಕತಲೆ, ಸ್ವಲ್ಪ ಹೊಟ್ಟೆ. ನಾಣ್ಯದ ಮೇಲಿನ ಮುಖಕ್ಕೂ ಇವನಿಗೂ ದೂರದ ನೆಂಟಸ್ತಿಕೆ ಅಷ್ಟೇ.

“ಬಾ ಅಣ್ಣಾ. ಇವತ್ತು ಬೇಗ ಬಂದೆ?”

“ಪೆಟ್ಟಿಗೆ ಸರಿಯಾಗಿಲ್ಲ ತಮ್ಮಾ.”

“ಯಾಕೆ, ಎಷ್ಟು ಚಂದ ಇದೆ!”

“ಬಿಳಿಗೊಂದು ಸದ್ದು, ಕರಿಗೊಂದು ಸದ್ದು ಬರುತ್ತೆ. ಮರ ಬೇರೆ ಬೇರೆ ಹಾಕಿಬಿಟ್ಟೆ. ತಪ್ಪು ನನ್ನದೇ. ಹೋದ ಸಲ ನನಗೆ ಕೇಳಿಸ್ತು.”

ನಲ್ಲಿಯ ನೀರು ಲೋಟ ತುಂಬಿ, ಉಕ್ಕಿ, ದೊರೆಯ ಬೆರಳ ಸಂದಿಯಲ್ಲಿ ಹರಿಯಿತು. ಅವನು ಅದನ್ನು ನಿಲ್ಲಿಸಲಿಲ್ಲ.

“ಯಾರಿಗಾದ್ರೂ ಹೇಳಿದ್ದೀಯಾ?”

“ಇಲ್ಲ. ಹೇಳೋದೂ ಇಲ್ಲ. ಆಣೆ ಇದೆ.”

ದೊರೆ ಉಸಿರು ಬಿಟ್ಟ. ಆ ಉಸಿರಿನ ಸದ್ದು ಕೇಳಿ ಬಡಗಿಗೆ ಕೆಟ್ಟ ಕೋಪ ಬಂತು.

“ನನ್ನ ಷಡ್ಡಕನ ಕೈ ನೋಡಿದೀಯಾ?”

“ಕೇಳಿದೆ.”

“ಕೇಳೋದಲ್ಲ, ಇವತ್ತು ನೋಡು. ನಾಡಿದ್ದು ಹಡಗು ಹತ್ತಿಸ್ತಾರೆ. ನೀನೊಂದು ಮಾತು ಹೇಳಿದರೆ ನಿಲ್ಲುತ್ತೆ.”

“ನಿಲ್ಲಲ್ಲ ಅಣ್ಣಾ.” ದೊರೆ ನಲ್ಲಿ ತಿರುಗಿಸಿ, ಒದ್ದೆ ಕೈಗಳನ್ನು ಏನು ಮಾಡುವುದೆಂದು ತಿಳಿಯದವನಂತೆ ಮುಂದೆ ಹಿಡಿದುಕೊಂಡು ನಿಂತ. “ನೀವೆಲ್ಲ ಏನಂದುಕೊಂಡಿದ್ದೀರಿ? ನಾನು ಎಷ್ಟು ಗಂಟೆಗೆ ಏಳಬೇಕು, ಯಾರನ್ನ ನೋಡಬೇಕು, ಯಾವ ಕಾಗದಕ್ಕೆ ರುಜು ಹಾಕಬೇಕು, ಎಲ್ಲ ಅವನೇ ಹೇಳೋದು. ರಾಣಿ ಮಾತಾಡಿದರೂ ಅವನ ಮಾತೇ. ಅವನಿಗೆ ಕಾಲಿಡೋಕೆ ಆಗದೇ ಇರೋದು ಈ ಮಹಡಿ ಒಂದೇ. ಅದನ್ನೂ ಕೇಳಿದ. ನಾನೇ ಹೆಸರು ಇಡಬೇಕು ಅಂದ. ಇಟ್ಟೆ. ಹೊಗಳು ಅಂದ, ಹೊಗಳಿದೆ. ಬೇಡ ಅನ್ನೋ ಮಾತನ್ನ ನಾನು ಹೇಳಿದ್ದು ಆ ಪೆಟ್ಟಿಗೆಯೊಳಗೆ ಕೈ ಇಟ್ಟಾಗ ಮಾತ್ರ.”

ಬಡಗಿಗೆ ಕನಿಕರವಾಯಿತು, ನಿಜ. ಆದರೆ ಮುರಿದ ಬೆರಳಿಗೆ ಪಟ್ಟಿ ಕಟ್ಟಿದ ಕೈ ಅವನದು. ಬಿಗಿಯುವಾಗ ಷಡ್ಡಕ ತುಟಿ ಕಚ್ಚಿ ಕೊಸರಿದ್ದು ಇನ್ನೂ ಆ ಕೈಗೆ ನೆನಪಿತ್ತು.

“ನೀನು ಹೇಳಿದೆ. ಪೆಟ್ಟು ತಿಂದವನು ಅವನು.”

“ಸ್ವಲ್ಪ ದಿನ ಹೋಗಲಿ, ನಾನೇ ಹೇಗಾದರೂ ಬಿಡಿಸ್ತೀನಿ.”

“ಆ ದ್ವೀಪದಿಂದ ತಿರುಗಿ ಬಂದೋರನ್ನ ನಾನಂತೂ ನೋಡಿಲ್ಲ ತಮ್ಮಾ.”

ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಕೇಳಿಸಿತು. ದೊರೆ ಬೇಗ ಬೇಗ ಲೋಟ ಒರೆಸತೊಡಗಿದ.

ಮೂರಕ್ಕೆ ಬಾಗಿಲು ಮುಚ್ಚಿತು. ಬಾಗಿಲಜ್ಜ ಎಂದು ಎಲ್ಲರೂ ಕರೆಯುತ್ತಿದ್ದ ಹಿರಿಯ ಗೋಲಿಗಳನ್ನು ಹಂಚಿದ. ಷಡ್ಡಕ ಎಡಗೈ ಚಾಚಿ ಎರಡನ್ನೂ ತೆಗೆದುಕೊಂಡ. ಬಲಗೈ ಪಟ್ಟಿಯ ಸಮೇತ ತೊಡೆಯ ಮೇಲಿತ್ತು. ದೊರೆ ಎದ್ದು ದಳವಾಯಿಯ ಹೆಸರನ್ನು ಇನ್ನೊಂದು ಸಲ ಓದಿದ. ಈ ಸಲ ಹೊಗಳಿಕೆ ಗಿಡ್ಡವಾಗಿತ್ತು. ಕೆಳಗೆ ಬೀದಿಯಲ್ಲಿ ಕುದುರೆಗಳು ಗೊರಸು ಕುಟ್ಟುವುದು ಕೇಳುತ್ತಿತ್ತು. ದಳವಾಯಿ ಫಲಿತಾಂಶಕ್ಕೆ ಮನೆಯಲ್ಲಿ ಕಾಯುವ ಜಾತಿಯವನಲ್ಲ, ತಾನೇ ಬಂದು ಗೋದಾಮಿನ ಮುಂದೆ ನಿಂತಿದ್ದ.

ಬಾಗಿಲಜ್ಜ ಪೆಟ್ಟಿಗೆ ಎತ್ತಿಕೊಳ್ಳುವ ಹೊತ್ತಿಗೆ ಬಡಗಿ ಕೈಯೆತ್ತಿ ತಡೆದ.

“ಒಂದು ತಪ್ಪೊಪ್ಪಿಗೆ ಇದೆ,” ಎಂದ. “ಈ ಪೆಟ್ಟಿಗೇಲಿ ಕರಿ ಬಿದ್ದರೆ ಒಂದು ಸದ್ದು, ಬಿಳಿ ಬಿದ್ದರೆ ಒಂದು ಸದ್ದು.” ತನ್ನ ಪಾಲಿನ ಎರಡು ಗೋಲಿಗಳನ್ನು ಖಾಲಿ ಪೆಟ್ಟಿಗೆಯೊಳಗೆ ಒಂದಾದ ಮೇಲೊಂದು ಬಿಟ್ಟು ತೋರಿಸಿದ. ಟಿಕ್. ಟೊಕ್. ಗೊತ್ತಾದ ಮೇಲೆ ಕಿವುಡನಿಗೂ ಕೇಳುವಂತಿತ್ತು. ಖಾನೆ ಎಳೆದು ಎರಡನ್ನೂ ಮತ್ತೆ ಕೈಗೆ ತೆಗೆದುಕೊಂಡ. “ಮಾಡುವಾಗ ತಲೆಗೆ ಹೋಗಲಿಲ್ಲ. ಕ್ಷಮಿಸಬೇಕು.”

ಬೆಂಚಿನ ಉದ್ದಕ್ಕೂ ಜನ ಮಿಸುಕಾಡಿದರು.

“ಹಾಗಾದ್ರೆ ಹೋದ ಸಲ ನಿನಗೆ ಕೇಳಿಸಿತಾ?” ಎಂದ ಒಂಬತ್ತನೆಯ ಜಾಗದ ಔಷಧಿ ಅಂಗಡಿಯವನು. ಇವನು ಕೆಟ್ಟವನಲ್ಲ, ಆದರೆ ಬಾಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಕೆಮ್ಮಿನ ಔಷಧಿಯ ಜೊತೆಗೆ ಊರಿನ ಸುದ್ದಿಯನ್ನೂ ಪೊಟ್ಟಣ ಕಟ್ಟಿ ಕೊಡುತ್ತಿದ್ದ.

“ಹೋದ ಸಲದ್ದು ಹೋದ ಸಲಕ್ಕೇ ಮುಗೀತು.”

“ತಳಕ್ಕೆ ಒಂದು ಟವೆಲ್ ಹಾಕಿದರಾಯ್ತಲ್ಲಪ್ಪ,” ಎಂದ ಬಾಗಿಲಜ್ಜ.

“ಇವತ್ತು ಹಾಕಲ್ಲ,” ಎಂದ ಬಡಗಿ. “ಹೀಗೇ ನಡೀಲಿ. ಯಜಮಾನನ ಮಾತು.”

ಸಭೆ ಕೂತಿರುವಾಗ ಯಜಮಾನನ ಮಾತಿಗೆ ಎದುರಾಡುವ ಪದ್ಧತಿ ಇರಲಿಲ್ಲ. ಬಡಗಿ ದೊರೆಯ ಕಡೆ ನೋಡಿದ. ದೊರೆ ತನ್ನ ಬೂಟಿನ ತುದಿ ನೋಡುತ್ತಿದ್ದ. ನಿನಗೆ ಒಂದು ದಾರಿ ಮಾಡಿಕೊಟ್ಟಿದ್ದೇನೆ ತಮ್ಮಾ, ಎಂದು ಬಡಗಿ ಮನಸ್ಸಿನಲ್ಲೇ ಅಂದುಕೊಂಡ. ಬಾಯಿಬಿಟ್ಟು ಏನೂ ಹೇಳಬೇಡ. ಬಿಡು, ಬೀಳಲಿ, ಹತ್ತು ಜನ ಕೇಳಲಿ. ನಿನ್ನ ಬೆರಳು ಮುರಿಯುವವರು ಯಾರೂ ಇಲ್ಲ.

ಪೆಟ್ಟಿಗೆ ಹೊರಟಿತು. ಬಾಗಿಲಜ್ಜನದು, ಟಿಕ್. ಎರಡನೆಯವನದು, ಟಿಕ್. ಪ್ರತಿ ಸಲವೂ ಎಲ್ಲರ ಕತ್ತು ಒಂದಿಷ್ಟು ಮುಂದಕ್ಕೆ ಬಾಗಿ ಮತ್ತೆ ಹಿಂದೆ ಸರಿಯುತ್ತಿತ್ತು. ಐದನೆಯವನ ಕೈ ಬೆವರಿ ಗೋಲಿ ಅಂಟಿಕೊಂಡು ತಡವಾಗಿ ಬಿತ್ತು, ಟಿಕ್. ಎಂಟನೆಯವನ ಮುಂದೆ ಪೆಟ್ಟಿಗೆ ನಿಂತಿತು. ಷಡ್ಡಕ ಎಡಗೈಯನ್ನು ಬಟ್ಟೆಯ ಬಾಯೊಳಗೆ ಇಳಿಸಿ ಸುಮಾರು ಹೊತ್ತು ಹಾಗೇ ಹಿಡಿದಿದ್ದ. ಮಂಗಳವಾರ ಹೇಗೂ ಹೋಗುವವನು, ಇವತ್ತಾದರೂ ನಿಜಕ್ಕೂ ಹಾಕಿಬಿಡಲೇ ಎಂದು ಅವನು ಯೋಚಿಸುತ್ತಿದ್ದನೋ, ಅಥವಾ ಹೆಂಡತಿಯ ಮುಖ ಕಣ್ಣಮುಂದೆ ಬಂತೋ, ಯಾರು ಬಲ್ಲರು.

ಟಿಕ್.

ಯಾರೋ ಉಸಿರು ಬಿಟ್ಟರು. ಔಷಧಿ ಅಂಗಡಿಯವನ ಹುಬ್ಬು ಮೇಲೇರಿತು, ಬೇಗ ತನ್ನದನ್ನೂ ಹಾಕಿದ, ಟಿಕ್. ಪೆಟ್ಟಿಗೆ ದೊರೆಯ ಮುಂದೆ ಬಂತು.

ದೊರೆ ಎರಡು ಮುಷ್ಟಿಗಳನ್ನೂ ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಮೊದಲು ಎಡದ್ದನ್ನು ಎತ್ತಿದ, ಇಳಿಸಿದ. ಬಲದ್ದನ್ನು ಎತ್ತಿದ. ಬೀದಿಯಲ್ಲಿ ಕುದುರೆಯೊಂದು ಕೆನೆಯಿತು, ಅದನ್ನು ಗದರಿಸುವ ದಳವಾಯಿಯ ದನಿ ಕಿಟಕಿಯಿಂದ ಬಂತು. ದೊರೆಯ ಮುಷ್ಟಿ ಗಾಳಿಯಲ್ಲೇ ನಿಂತಿತು. ಬಡಗಿ ಜೀವಮಾನದಲ್ಲಿ ಯಾವುದಕ್ಕೂ ಅಷ್ಟು ಆಸೆಪಟ್ಟಿರಲಿಲ್ಲ. ಒಂದೇ ಒಂದು ಸದ್ದು, ತನ್ನ ಕೈಯಾರೆ ಕಡೆದ ಆ ಮರದ ಒಂದು ದಪ್ಪ ಸದ್ದು ಕೇಳಿದರೆ ಸಾಕಾಗಿತ್ತು.

ದೊರೆ ಆ ಮುಷ್ಟಿಯನ್ನು ಇಳಿಸಿ, ಇನ್ನೊಂದನ್ನು ಬಟ್ಟೆಯೊಳಗೆ ಹಾಕಿದ.

ಟಿಕ್.

ಮುಗಿಯಿತು ಎಂದುಕೊಂಡರು ಎಲ್ಲರೂ. ಬಾಗಿಲಜ್ಜ ಪೆಟ್ಟಿಗೆಯನ್ನು ಯಜಮಾನನ ಮುಂದೆ ತಂದಿಟ್ಟ. ಹೇಗೂ ಒಂದು ಶಾಸ್ತ್ರ ಆಗಬೇಕಲ್ಲ ಎನ್ನುವ ಹಾಗಿತ್ತು ಅವನ ಮುಖ. ಬಡಗಿಗೆ ತನ್ನ ಕೆಲಸದ ಕೊಟ್ಟಿಗೆ ಕಣ್ಣಮುಂದೆ ಬಂತು, ಅರ್ಧಕ್ಕೆ ನಿಂತ ಮಂಚ, ಮನೆಯಲ್ಲಿ ನೆಲಕ್ಕೆ ಬಿದ್ದ ಚಮಚ ಎತ್ತದೆ ನಿಂತಿದ್ದ ಹೆಂಡತಿ. ತಾನು ಧೈರ್ಯದ ಆಳಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೋದ ತಿಂಗಳಷ್ಟೇ ಈ ಪೆಟ್ಟಿಗೆಯೇ ಅದನ್ನು ಅವನಿಗೆ ಹೇಳಿತ್ತು. ಕೈಯಿಳಿಸಿ ಬೆರಳು ಸಡಿಲಿಸಿದ.

ಟೊಕ್.

ಅಷ್ಟು ಸಣ್ಣ ಕೋಣೆಯಲ್ಲಿ ಅದು ಮೊಳೆ ಹೊಡೆದಷ್ಟು ಸ್ಪಷ್ಟವಾಗಿ ಕೇಳಿಸಿತು. ಬಾಗಿಲಜ್ಜನ ಬಾಯಿ ತೆರೆಯಿತು. ಔಷಧಿ ಅಂಗಡಿಯವನು “ಓಹೋ” ಎಂದವನು ನಾಲಿಗೆ ಕಚ್ಚಿಕೊಂಡ. ಆ ‘ಓಹೋ’ದಲ್ಲಿ ಎಲ್ಲವೂ ಇತ್ತು: ಹಾಗಾದರೆ ಹೋದ ಸಲವೂ ಇವನೇ, ಅದಕ್ಕೇ ಇವನ ಬಾಯಿ ಮುಚ್ಚಿತ್ತು, ಕಡೆಗೆ ಮನಸ್ಸಾಕ್ಷಿ ಚುಚ್ಚಿ ಬಯಲಿಗೆ ಬಂದ.

ಬಡಗಿ ಖಾನೆ ಎಳೆದು, ಎಣಿಸಿ, “ಆಗಲಿಲ್ಲ,” ಎಂದ. ಆಮೇಲೆ ಪ್ರತಿ ಸಭೆಯ ಕೊನೆಗೆ ಯಜಮಾನ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದ. “ಯಾರ ಮನಸ್ಸಿನಲ್ಲಾದರೂ ಭಾರ ಉಳಿದಿದೆಯಾ?”

“ಇಲ್ಲ,” ಎಂದ ಬಾಗಿಲಜ್ಜ. “ಇಲ್ಲ,” ಎಂದ ಎರಡನೆಯವನು. ಉತ್ತರ ಬೆಂಚಿನ ಉದ್ದಕ್ಕೂ ನಡೆಯಿತು. ಎಂಟನೆಯ ಜಾಗದಲ್ಲಿ ಅದು ಮುಗ್ಗರಿಸಿತು; ಷಡ್ಡಕ ಬಡಗಿಯನ್ನೇ ದಿಟ್ಟಿಸುತ್ತ, ತುಟಿ ಮಾತ್ರ ಅಲುಗಿಸಿದ. ಸರದಿ ಕೊನೆಗೆ ಬಂತು. ದೊರೆ ಅಂಗಿಯ ತೋಳು ಸರಿಮಾಡಿಕೊಂಡ.

“ಇಲ್ಲ ಅಣ್ಣಾ,” ಎಂದ.

ಬಡಗಿ ಕೆಳಗೆ ಇಳಿಯುವಷ್ಟರಲ್ಲಿ ಔಷಧಿ ಅಂಗಡಿಯವನು ಅವನಿಗಿಂತ ಮೊದಲೇ ಬೀದಿ ಸೇರಿ ದಳವಾಯಿಯ ಕಿವಿಗೆ ಸುದ್ದಿ ಹಾಕಿದ್ದ. ಅದು ಗೊತ್ತಿದ್ದ ಸಂಗತಿಯೇ, ಬಡಗಿ ನೆಚ್ಚಿಕೊಂಡದ್ದೂ ಅದನ್ನೇ. ದಳವಾಯಿ ಗಿಡ್ಡ ಆಳು, ಒಳ್ಳೆಯ ದಿರಿಸು. ಸಾರೋಟಿನ ಪಕ್ಕ ನಿಂತು ಬಡಗಿಯನ್ನು ಮೇಲಿಂದ ಕೆಳಗೆ ನೋಡಿದ. ಕೂಗಾಡಲಿಲ್ಲ.

“ಬಡಗಿ ಅಂದರೆ ನೀನೇನಾ?”

“ಹೌದು ಸ್ವಾಮಿ.”

“ಉಳಿ ಹಿಡಿಯೋದು ಯಾವ ಕೈಲಿ?”

“ಎಡಗೈಲಿ. ಬಲಗೈಲಿ ಕೊಡತಿ.”

“ಹಾಗಾದ್ರೆ ಎರಡೂ ಬೇಕು ನಿನಗೆ,” ಎಂದ ದಳವಾಯಿ, ಬೆಲೆ ವಿಚಾರಿಸಿದಷ್ಟು ಮೆತ್ತಗೆ. “ನಾಳೆ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಾ.” ಪಕ್ಕದಲ್ಲಿದ್ದವನ ಕಡೆ ತಿರುಗಿದ. “ಅಚ್ಚುಕೂಟದ ಬೀಗ ತೆಗೆಸು. ಮಂಗಳವಾರದ ಪಟ್ಟಿಯಲ್ಲಿ ಹೆಸರು ಬದಲಾಯಿಸು.”

ಅಷ್ಟರಲ್ಲಿ ದೊರೆ ಇಳಿದು ಬಂದ. ಬೀದಿಯಲ್ಲಿದ್ದವರೆಲ್ಲ ಟೋಪಿ ತೆಗೆದರು, ಬಡಗಿಯೂ ತೆಗೆದ. ದೊರೆ ಅವನ ಮುಂದೆ ಹಾಯುವಾಗ ಹೆಜ್ಜೆ ಒಂದಿಷ್ಟು ನಿಧಾನವಾಯಿತೋ ಏನೋ. ಸಾರೋಟಿನ ಬಾಗಿಲು ಹಾಕಿಕೊಂಡಿತು, ಪರದೆ ಎಳೆದುಕೊಂಡಿತು.

ಷಡ್ಡಕ ಎಲ್ಲರೂ ಹೋದ ಮೇಲೆ ಇಳಿದ. ದಳವಾಯಿಯ ಮಾತು ಅವನಿಗೆ ಮೆಟ್ಟಿಲ ಮೇಲೇ ಕೇಳಿಸಿರಬೇಕು. ಅವನ ಮುಖದಲ್ಲಿ ಬಿಡುಗಡೆಯಾದವನ ಕಳೆಯೇ ಇರಲಿಲ್ಲ.

“ನೀವಾ ಭಾವ?”

ಬಡಗಿ ಕೈಯಲ್ಲಿದ್ದ ಟೋಪಿಯನ್ನು ತಲೆಗೆ ಹಾಕಿಕೊಂಡ.

“ಒಂದು ತಿಂಗಳು,” ಎಂದ ಷಡ್ಡಕ. “ಒಂದು ತಿಂಗಳು ನಮ್ಮ ಮನೆಗೆ ಬಂದು ಇದನ್ನ ನೋಡ್ಕೊಂಡು ಹೋಗ್ತಾ ಇದ್ರಿ. ನಿಮ್ಮ ಕೈಯಾರೆ ಪಟ್ಟಿ ಕಟ್ಟಿದ್ರಿ. ಅವಳು ಅಡುಗೆಮನೇಲಿ ಅಳ್ತಾ ಇದ್ದಳು, ನಿಮಗೂ ಕೇಳಿಸ್ತಾ ಇತ್ತು. ಆಗ ಒಂದು ಮಾತು ಬಾಯಿಗೆ ಬರಲಿಲ್ವಾ?”

ನಿಜ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಆಡಿದರೆ ಆಣೆ ಹೋಗುತ್ತಿತ್ತು. ಆಣೆ ಹಾಳಾಗಲಿ, ಮಂಗಳವಾರದ ಹಡಗು ಮತ್ತೆ ಇವನಿಗೇ ಬಾಯಿ ತೆರೆಯುತ್ತಿತ್ತು.

“ಹೇಳೋಕೆ ಆಗಲಿಲ್ಲ,” ಎಂದ ಬಡಗಿ.

“ಊರೆಲ್ಲ ನನ್ನ ಗಂಡಸು ಅಂತು ಭಾವ. ನಾನು ಹಾಕಿದ್ದು...” ಷಡ್ಡಕ ನಿಲ್ಲಿಸಿದ. ಅವನಿಗೂ ಆಣೆ ಇತ್ತು. ಕಣ್ಣು ಕೆಂಪಾಗಿತ್ತು. ಸಮುದ್ರದ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಕೋಟು ತೆರೆದುಕೊಂಡಿತು. ಎಡಗೈಯೊಂದರಲ್ಲೇ ಗುಂಡಿ ಹಾಕಿಕೊಳ್ಳಲು ಹೆಣಗಿದ. ಮೊದಲನೆಯದು ಜಾರಿತು, ಮತ್ತೆ ಹಿಡಿದ, ಮತ್ತೆ ಜಾರಿತು.

ಬಡಗಿಯ ಕೈಗಳು ತಾವಾಗಿಯೇ ಮುಂದೆ ಹೋದವು.

ಷಡ್ಡಕ ಎರಡು ಹೆಜ್ಜೆ ಹಿಂದೆ ಸರಿದ. ಗುಂಡಿಯ ಗೊಡವೆ ಬಿಟ್ಟು, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಗೋದಾಮಿನ ಗೋಡೆಯ ಪಕ್ಕದಲ್ಲೇ ನಡೆದ. ತೆರೆದ ಕೋಟಿನ ಎರಡು ಅಂಚುಗಳೂ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಬೀದಿಯ ತಿರುವಿನವರೆಗೂ ಬಡಗಿಗೆ ಆ ಸದ್ದು ಕೇಳಿಸುತ್ತಿತ್ತು.